ಹದಿನಾಲ್ಕು ತಂಬಿಗೆ

ನಮ್ಮ ತವರುಮನೆಯ ಹಿತ್ತಾಳೆ ಕೊಡಕ್ಕೆ ಹದಿನಾಲ್ಕು ತಂಬಿಗೆ ನೀರು ಹಿಡಿಯುತ್ತಿತ್ತು. ಇದು ಯಾರೂ ಎಣಿಸುವ ಸಂಗತಿಯಲ್ಲ. ನೀರು ತರುವ ಹೆಂಗಸರು ಕೊಡ ಮುಳುಗಿಸುತ್ತಾರೆ, ಎತ್ತುತ್ತಾರೆ, ಹೊತ್ತು ನಡೆಯುತ್ತಾರೆ. ನಾನು ಮಾತ್ರ ಎಣಿಸಿದೆ. ಒಂದೊಂದೇ ತಂಬಿಗೆ ಸುರಿದು ತಿಂಗಳುಗಟ್ಟಲೆ ಎಣಿಸಿದೆ. ಇಷ್ಟು ವಯಸ್ಸಾದ ಮೇಲೆ ಎಷ್ಟೋ ಜನರ ಮುಖ ಮರೆತಿದ್ದೇನೆ, ಆ ಎಣಿಕೆ ಮರೆತಿಲ್ಲ.

ಅದು ಐವತ್ತರ ದಶಕದ ಕೊನೆ. ನನ್ನ ತವರು ಇಂಡಿ, ಅಪ್ಪ ಅಲ್ಲಿ ಕನ್ನಡ ಶಾಲೆಯ ಮಾಸ್ತರರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ವರ್ಷವೇ ನನ್ನನ್ನು ಮುದ್ದೇಬಿಹಾಳದ ಕಡೆ, ಹೊಳೆಗೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಒಳ್ಳೆಯ ಹೊಲ, ನಾಲ್ಕು ಎತ್ತು, ಮನೆ ತುಂಬ ಕೆಲಸ. ಮದುವೆಯಾಗಿ ಆರನೇ ವರ್ಷದ ಬೇಸಿಗೆಯಲ್ಲಿ ಬಾವಿಯ ಮೆಟ್ಟಿಲ ಮೇಲೆ ಕೊಡದ ಸಮೇತ ಜಾರಿದೆ. ಬಲತೊಡೆಯ ಎಲುಬು ಮುರಿಯಿತು. ಎಲುಬು ಕಟ್ಟುವವನು ಬಂದು ಬಿದಿರಿನ ದಬ್ಬೆ ಇಟ್ಟು ಬಿಗಿದು ಹೋದ. ಎರಡೂವರೆ ತಿಂಗಳು ಅಡ್ಡಬಿದ್ದೆ. ಕಟ್ಟು ಬಿಚ್ಚಿದಾಗ ಎಲುಬೇನೋ ಕೂಡಿತ್ತು, ಆದರೆ ಮೊಳಕಾಲು ಮಡಚುತ್ತಿರಲಿಲ್ಲ. ಕಾಲು ಒಣಗಿದ ಒನಕೆ. ಅದನ್ನು ಹೊರಗೆ ಬೀಸಿ ಬೀಸಿ ಮುಂದಿಡಬೇಕು. ಕೂತರೆ ಏಳಲಾಗದು, ಎದ್ದರೆ ಕೂಡಲಾಗದು.

ಹಾಗೆಯೇ ಗೋಡೆ ಹಿಡಿದುಕೊಂಡು ಮೂರು ತಿಂಗಳು ಆ ಮನೆಯಲ್ಲಿ ಕುಂಟಿದೆ. ಕಟ್ಟಿಗೆ ಮುರಿಯಲಾರದ, ನೀರು ತರಲಾರದ, ಒಲೆಯ ಮುಂದೆ ಕೂಡಲಾರದ ಸೊಸೆಯನ್ನು ಯಾರು ಎಷ್ಟು ದಿನ ನೋಡುತ್ತಾರೆ? ಒಂದು ದಿನ ಅತ್ತೆ ತೀರ್ಪು ಕೊಟ್ಟರು.

"ಅವ್ವನ ಮನಿಗಿ ಹೋಗು. ತುಂಬಿದ ಕೊಡ ಹೊತ್ತು ನಡಿಯೂ ಹಂಗಾದ ಮ್ಯಾಲ ಬಾ. ಕೂಸು ಇಲ್ಲೇ ಇರಲಿ."

ಕೂಸು ಅಂದರೆ ನನ್ನ ಮಗಳು, ಮೂರು ವರ್ಷದವಳು. ಕುಂಟಿಯ ಕೈಯಲ್ಲಿ ಕೂಸು ಕೊಟ್ಟರೆ ಎರಡೂ ಬೀಳುತ್ತವೆ ಅಂದರು. ಗಂಡ ಅಂಗಳದಲ್ಲಿ ಮಿಣಿಹಗ್ಗ ಹೊಸೆಯುತ್ತ ಕೂತಿದ್ದ, ತಲೆ ಎತ್ತಲಿಲ್ಲ. ನಾನು ಹುಚ್ಚಿ, ಮಗಳನ್ನು ಇಟ್ಟುಕೊಂಡರಲ್ಲ, ಅಂದ ಮೇಲೆ ನನ್ನನ್ನು ಕರೆಸಿಕೊಳ್ಳುವುದು ಖಂಡಿತ ಅಂತ ಸಮಾಧಾನ ಮಾಡಿಕೊಂಡು ಗಾಡಿ ಹತ್ತಿದೆ.

ಇಂಡಿಗೆ ಬಂದ ವಾರದಲ್ಲಿ ಅಪ್ಪ ಒಬ್ಬ ಮುದುಕರನ್ನು ಕರೆತಂದರು. ಅವರು ಸಿಂದಗಿಯಲ್ಲಿ ಬಹಳ ವರ್ಷ ಗರಡಿ ನಡೆಸಿದ ಮುಸಲ್ಮಾನ ವಸ್ತಾದರು. ವಯಸ್ಸಾದ ಮೇಲೆ ಮಗಳ ಮನೆಗೆಂದು ನಮ್ಮ ಓಣಿಗೇ ಬಂದಿದ್ದರು. ಪೈಲ್ವಾನರ ಕೀಲು ಉಳುಕಿದರೆ, ಎಲುಬು ಮುರಿದರೆ, ಅವರನ್ನು ಮತ್ತೆ ಅಖಾಡಕ್ಕೆ ಇಳಿಸಿದ ಕೈ ಅದು. ಆದರೆ ಆ ಕೈ ಪರಹೆಂಗಸಿನ ತೊಡೆ ಮುಟ್ಟುವಂತಿಲ್ಲ. ಮುಟ್ಟುವೆನೆಂದು ಅವರು ಅನ್ನಲೂ ಇಲ್ಲ. ಪಡಸಾಲೆಯಲ್ಲಿ ಅಪ್ಪನನ್ನೇ ಅಂಗಾತ ಮಲಗಿಸಿ, ಅವರ ಕಾಲು ಹಿಡಿದು ಮಡಚಿ, ಎಳೆದು, ಎತ್ತಿ ತೋರಿಸಿದರು. ಅವ್ವ ಬಾಗಿಲ ಸಂದಿಯಲ್ಲಿ ನಿಂತು ನೋಡಿ ಕಲಿತಳು. ಊರ ಮಕ್ಕಳಿಗೆಲ್ಲ ಬಡಿಗೆ ತೋರಿಸುವ ಮಾಸ್ತರರು ನೆಲದ ಮೇಲೆ ಬಿದ್ದು ನರಳುವುದನ್ನು ಕಂಡು ಆ ದಿನ ನಾನು ನಕ್ಕಿದ್ದೆ. ಆಮೇಲೆ ನಗುವ ಸರದಿ ಬರಲಿಲ್ಲ.

ಹೋಗುವಾಗ ವಸ್ತಾದರು ಬಾಗಿಲ ಕಡೆ ಮುಖ ಮಾಡಿ, ನನಗೆ ಕೇಳುವಂತೆ ಹೇಳಿದರು: "ಎಲುಬು ಕೂಡೇತಿ ತಂಗಿ, ಕಾಲು ನಡಿಗಿ ಮರತೈತಿ. ದಿನಾ ನೆನಪ ಮಾಡಿ ಕೊಡಬೇಕು. ಒಂದಿನಾ ಬಿಟ್ರ ಎರಡು ದಿನದ್ದು ಹೋಗ್ತೈತಿ."

ಅವ್ವ ಒಂದು ದಿನವೂ ಬಿಡಲಿಲ್ಲ. ಅಪ್ಪ ಶಾಲೆಗೆ ಹೋದ ಕೂಡಲೇ ಬಾಗಿಲು ಹಾಕಿ, ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ಕಾಲಿಗೆ ತಿಕ್ಕುವಳು. ಹಳೆಯ ಸೀರೆಯ ಪಟ್ಟಿಯನ್ನು ಅಂಗಾಲಿಗೆ ಹಾಕಿ ನಾನೇ ಎಳೆದುಕೊಳ್ಳಬೇಕು, ಹಿಮ್ಮಡ ನೆಲದ ಮೇಲೆ ಜರುಗಿ ಜರುಗಿ ಹತ್ತಿರ ಬರಬೇಕು. ನನ್ನ ಕೈ ಸೋತಲ್ಲಿ ಅವಳ ಕೈ ಶುರು. ಬೆರಳೆರಡರಷ್ಟು ಹೆಚ್ಚು ಮಡಚಿದ ದಿನ ಕಣ್ಣಲ್ಲಿ ನೀರು ಬರುತ್ತಿತ್ತು, ಅವಳಿಗೂ ಬರುತ್ತಿತ್ತು, ಕೈ ಮಾತ್ರ ಸಡಿಲಾಗುತ್ತಿರಲಿಲ್ಲ. ಆಮೇಲೆ ಪಾದಕ್ಕೆ ಜೋಳದ ಚೀಲ ಕಟ್ಟಿ ಎತ್ತುವುದು. ಮೊದಲು ಒಂದು ಬೊಗಸೆ ಜೋಳ, ಹದಿನೈದು ದಿನಕ್ಕೆ ಇನ್ನೊಂದು ಬೊಗಸೆ. ಕೂತು ಏಳುವುದನ್ನು ಚಿಮಣಿ ಎಣ್ಣೆಯ ಡಬ್ಬಿಯ ಮೇಲಿಂದ ಕಲಿತೆ, ಅಲ್ಲಿಂದ ಮಣೆಗೆ ಇಳಿದೆ, ಕಡೆಗೆ ಬರಿ ನೆಲಕ್ಕೆ. ಹೊಸ್ತಿಲು ದಾಟುವುದು ದಿನಕ್ಕೆ ಐವತ್ತು ಸಲ. ಯಾರಾದರೂ ನೋಡಿದ್ದರೆ ಈ ಮನೆಗೆ ಬರುವವಳೋ ಹೋಗುವವಳೋ ಅಂತ ಕೇಳುತ್ತಿದ್ದರು. ನೆರೆಮನೆಯವರಿಗೆ ಕಿವಿ ಚುರುಕು. ಮಾಸ್ತರರ ಮನೆಯಲ್ಲಿ ಹೆಣ್ಣು ಪೈಲ್ವಾನ ತಯಾರಾಗುತ್ತಿದ್ದಾಳೆ ಅಂತ ಓಣಿಯಲ್ಲಿ ಚೇಷ್ಟೆ ಮಾಡುತ್ತಿದ್ದರಂತೆ.

ನನಗೆ ಆ ನೋವು ನೋವಾಗಿರಲಿಲ್ಲ. ಪ್ರತಿ ಸಲ ಕಾಲೆತ್ತುವಾಗ, ಮಗಳ ಕಡೆ ಒಂದು ಹೆಜ್ಜೆ ಹೋದೆ ಅಂದುಕೊಳ್ಳುತ್ತಿದ್ದೆ. ಅವಳ ತಲೆ ಯಾರು ಬಾಚುತ್ತಾರೆ, ಜ್ವರ ಬಂದರೆ ಯಾರ ಮಗ್ಗುಲಲ್ಲಿ ಮಲಗುತ್ತಾಳೆ, ಇದೇ ಯೋಚನೆ. ಅಪ್ಪ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರು. ಕೂಸು ಚೆನ್ನಾಗಿದೆ ಅಂತ ಎರಡು ಸಲ ಉತ್ತರ ಬಂತು.

ಐದನೇ ತಿಂಗಳಿಗೆ ಕುಂಟುವುದು ಬಹುಪಾಲು ಹೋಯಿತು. ಆಗ ಅವ್ವ ಕೊಡ ತಂದಿಟ್ಟಳು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬರಿಗೊಡ. ಹಿತ್ತಲಲ್ಲಿ ಬೇವಿನ ಗಿಡದಿಂದ ಬಚ್ಚಲಿನ ತನಕ ಇಪ್ಪತ್ತು ಸುತ್ತು. ಕಾಲು ನಡುಗದೆ ಇಪ್ಪತ್ತು ಮುಗಿದರೆ ಮರುದಿನ ಒಂದು ತಂಬಿಗೆ ನೀರು ಹೆಚ್ಚು. ನಡುಗಿದರೆ ಒಂದು ಕಡಿಮೆ. ಹೀಗೆ ಏರಿ ಇಳಿದು, ಏರಿ ಇಳಿದು, ಎಂಟನೇ ತಿಂಗಳಿಗೆ ಹತ್ತು ತಂಬಿಗೆಗೆ ಬಂದು ನಿಂತೆ. ಅಲ್ಲಿಂದ ಮುಂದೆ ಏರುತ್ತಲೇ ಇರಲಿಲ್ಲ. ಹನ್ನೊಂದಕ್ಕೆ ಮೊಳಕಾಲು ಕೈಕೊಡುತ್ತಿತ್ತು.

ವಸ್ತಾದರು ಸುದ್ದಿ ಕೇಳಿ, ಇನ್ನು ಗಂಡನ ಮನೆಗೆ ಕಳಿಸಿರಿ ಅಂದರು. ಮನೆಯೊಳಗೆ ಕಲಿಯುವಷ್ಟನ್ನು ಕಾಲು ಕಲಿತಿದೆ, ಉಳಿದ ನಾಲ್ಕು ತಂಬಿಗೆಯನ್ನು ಬಾವಿಯ ದಾರಿಯೇ ಕಲಿಸುತ್ತದೆ ಅಂತ ಅಪ್ಪನಿಗೆ ತಿಳಿಸಿ ಹೇಳಿದರು. ಅಪ್ಪ ಹೂಂ ಅಂದರು. ಅವ್ವ ಊಹೂಂ ಅಂದಳು.

ಅದೇ ತಿಂಗಳಲ್ಲಿ ಅತ್ತೆಯ ತಮ್ಮ ನಮ್ಮ ಮನೆಗೆ ಬಂದರು. ಸಿಂದಗಿಗೆ ಎತ್ತು ನೋಡಲು ಬಂದವರು, ಅಕ್ಕ ಹೇಳಿದ್ದಾಳೆ ಅಂತ ಇಂಡಿಗೂ ಬಂದಿದ್ದರು. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಮಗಳನ್ನು ಕಳಿಸುತ್ತೀರೇನು ಅಂತ ಕೇಳಿದರು. ಹಿತ್ತಲಲ್ಲಿ ನಾನು ಹತ್ತು ತಂಬಿಗೆಯ ಕೊಡ ಹೊತ್ತು ನಿಂತಿದ್ದೆ. ನಿಂತಲ್ಲೇ ನಿಂತೆ. ಹಿತ್ತಲ ಬಾಗಿಲಿನಿಂದ ಎಲ್ಲ ಕೇಳುತ್ತಿತ್ತು.

ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಉತ್ತರ ಕೊಟ್ಟಳು: "ನಿಮ್ಮ ಅಕ್ಕಾರು ತುಂಬಿದ ಕೊಡ ಅಂದಾರ್ರಿ ಬೀಗರ. ಇನ್ನೂ ನಾಕ ತಂಬಿಗಿ ಕಡಿಮಿ ಐತಿ. ಅರೆಬರೆ ಹೆಣ್ಣ ಕಳಿಸಿ ಮಾತು ತಪ್ಪೂ ಮಂದಿ ಅಲ್ರಿ ನಾವು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ಅವ್ವನ ಬಾಯಲ್ಲಿ ಸದಾ ಇರುತ್ತಿದ್ದ ಗಾದೆ. ಬಡ ಮಾಸ್ತರರ ಹೆಂಡತಿಗೆ ಇದ್ದದ್ದು ಅದೊಂದೇ ಆಸ್ತಿ, ಆಡಿದ ಮಾತು. ಅತ್ತೆ ಸಿಟ್ಟಿನಲ್ಲಿ ಅಂದ ಮಾತನ್ನು ಅವಳು ಕರಾರು ಅಂದುಕೊಂಡಳು. ಒಂದು ತಂಬಿಗೆ ಕಡಿಮೆ ಹೊತ್ತರೂ ಬೀಗರು ಆಡಿಕೊಳ್ಳುತ್ತಾರೆ ಅನ್ನುವ ಭಯ, ಬೀಗರ ಮುಂದೆ ತಲೆ ಎತ್ತಿ ನಿಲ್ಲಬೇಕು ಅನ್ನುವ ಸೊಕ್ಕು, ಎರಡೂ ಅವಳಲ್ಲಿ ಇದ್ದವು.

ಮತ್ತೆ ನಾನು? ನನಗೇನಾಗಿತ್ತು ಧಾಡಿ? ಕೊಡ ಇಳಿಸಿ, ನಾಲ್ಕು ಹೆಜ್ಜೆ ಒಳಗೆ ಬಂದು, ನಾನು ಈಗಲೇ ಬರುತ್ತೇನೆ, ನನ್ನ ಕೂಸನ್ನು ನೋಡಬೇಕು ಅನ್ನಬಹುದಿತ್ತು. ಅನ್ನಲಿಲ್ಲ. ಗಂಡಸರು ಕೂತ ಪಡಸಾಲೆಗೆ ಕರೆಯದೆ ಹೋಗಬಾರದು ಅಂತ ಕಲಿಸಿದ್ದರಲ್ಲ, ಆ ಪಾಠವನ್ನು ನೆಟ್ಟಗೆ ಒಪ್ಪಿಸಿದೆ. ಬೀಗರು ರುಮಾಲು ಸರಿಮಾಡಿಕೊಂಡು ಹೊರಟುಹೋದರು. ಅವ್ವನ ಮೇಲೆ ನನಗೆ ಸಿಟ್ಟು ಇದೆ. ಅವಳು ಸತ್ತು ಇಷ್ಟು ವರ್ಷವಾದರೂ ಇದೆ. ಅದಕ್ಕಿಂತ ಹೆಚ್ಚು ಸಿಟ್ಟು ಹಿತ್ತಲಲ್ಲಿ ಬಾಯಿ ಮುಚ್ಚಿಕೊಂಡು ನಿಂತ ಆ ಹೆಂಗಸಿನ ಮೇಲೆ ಇದೆ.

ನಾಲ್ಕು ತಂಬಿಗೆಗೆ ಐದು ತಿಂಗಳು ಹಿಡಿಯಿತು. ಹದಿನಾಲ್ಕನೆಯ ತಂಬಿಗೆ ಸುರಿದು ಇಪ್ಪತ್ತು ಸುತ್ತು ಮುಗಿಸಿದ ದಿನ ಅವ್ವ ಹೋಳಿಗೆ ಮಾಡಿದಳು. ಅಪ್ಪ ಕಾರ್ಡು ಬರೆದರು. ಉತ್ತರ ಬರಲಿಲ್ಲ. ಎರಡನೆಯ ಕಾರ್ಡಿಗೂ ಬರಲಿಲ್ಲ. ಸುಗ್ಗಿಯ ಗಡಿಬಿಡಿ ಇರಬೇಕು ಅಂದುಕೊಂಡು ನಾವೇ ಹೊರಟೆವು. ವಿಜಾಪುರದಲ್ಲಿ ಇಳಿದು ಮುದ್ದೇಬಿಹಾಳದ ಮೋಟಾರು ಹತ್ತಿದೆವು. ಬಸವನ ಬಾಗೇವಾಡಿಯಲ್ಲಿ ಅದು ಕೆಟ್ಟು ಎರಡು ತಾಸು ನಿಂತಿತು. ಎಲ್ಲರೂ ಬೈಯುತ್ತ ನೆರಳು ಹುಡುಕಿದರೆ, ನಾನು ಮಗಳಿಗೆಂದು ಹಸಿರು ಬಳೆ ಕೊಂಡು, ಆ ಧೂಳಿನಲ್ಲಿ ಅತ್ತಿಂದಿತ್ತ ನಡೆದಾಡಿದೆ. ಯಾರೂ ನನ್ನ ಕಾಲು ನೋಡಲಿಲ್ಲ. ನೋಡುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಅಷ್ಟು ಸಂತೋಷ ನನಗೆ ಆಮೇಲೆ ಎಂದೂ ಆಗಿಲ್ಲ.

ಹಳ್ಳಿ ಮುಟ್ಟಿದಾಗ ಇಳಿಹೊತ್ತು. ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು, ನನಗಿಂತ ಚಿಕ್ಕವಳು, ತಲೆಯ ಮೇಲೊಂದು ಟೊಂಕದ ಮೇಲೊಂದು ಕೊಡ ಹೊತ್ತು ಒಳಗೆ ಹೋಗುತ್ತಿದ್ದಳು. ಕೊರಳಲ್ಲಿ ಹೊಸ ತಾಳಿ. ಮದುವೆಯಾಗಿ ಎರಡು ತಿಂಗಳಾಗಿತ್ತು. ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳಬಾರದು ಅಂತ ಕಾಯಿದೆ ಬಂದಿತ್ತು, ಮಾಸ್ತರರಾದ ಅಪ್ಪನಿಗೆ ಗೊತ್ತಿತ್ತು. ಆದರೆ ಕಾಯಿದೆ ವಿಜಾಪುರದ ಕೋರ್ಟಿನ ತನಕ ಬಂದಿತ್ತು, ಆ ಹಳ್ಳಿಯ ತನಕ ಬಂದಿರಲಿಲ್ಲ.

ಅಪ್ಪನ ಮುಂದೆ ಅತ್ತೆ ದನಿ ಕೂಡ ಏರಿಸಲಿಲ್ಲ. "ನಾವು ಮನಶ್ಯಾನ್ನ ಕಳಿಸಿ ಕೇಳೇವ್ರಿ ಮಾಸ್ತರ. ಇನ್ನೂ ಆಗಿಲ್ಲ ಅಂತ ನೀವಾ ಹೇಳಿ ಕಳಿಸಿದ್ರಿ. ಎಷ್ಟ ದಿನಾ ಅಂತ ಕಾಯೂದ್ರಿ?"

ಹೇಳಿ ಕಳಿಸಿದ್ದು ನಿಜವೇ ತಾನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾನು ಜಗಳಕ್ಕೆ ನಿಲ್ಲಲಿಲ್ಲ. ಗಂಡನ ಮುಖ ನೋಡುವ ಆಸೆಯೂ ಇರಲಿಲ್ಲ. ಮಗಳು ಎತ್ತುಗಳಿಗೆ ಮೇವು ಹಾಕುವ ಗ್ವಾದಲಿಯ ಹತ್ತಿರ ಮಣ್ಣಿನಲ್ಲಿ ಆಡುತ್ತಿದ್ದಳು. ನಾಲ್ಕು ತುಂಬಿ ಮೇಲೆ ಕೆಲವು ತಿಂಗಳಾಗಿದ್ದವು, ಎತ್ತರ ಬೆಳೆದಿದ್ದಳು. ನಾನು ನೆಟ್ಟಗೆ, ಒಂದು ಹೆಜ್ಜೆಯೂ ತಪ್ಪದೆ, ಅಂಗಳ ದಾಟಿ ಅವಳ ಕಡೆ ನಡೆದೆ. ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವ್ವ ಬಂದೇನಿ ಅಂದೆ. ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು, ಹಿಂದೆ ಸರಿದಳು.

"ನಮ್ಮವ್ವ ಕುಂಟಿ ಅದಾಳ. ನೀ ಅಲ್ಲ," ಅಂದಳು.

ಒಂದು ವರ್ಷದ ಮೇಲೆ ಒಂದು ತಿಂಗಳು, ಒಂದು ದಿನ ಬಿಡದೆ, ಬೆವರು ಕಣ್ಣೀರು ಒಂದು ಮಾಡಿ ನಾನು ನನ್ನ ಗುರುತನ್ನೇ ಒರೆಸಿಹಾಕಿದ್ದೆ. ಆ ಮನೆಯಲ್ಲಿ ನನ್ನ ಹೆಸರು ಕುಂಟಿ ಅಂತಲೇ ಇದ್ದಿರಬೇಕು, ಕೂಸಿಗೆ ಅಷ್ಟೇ ಗೊತ್ತಿತ್ತು. ನನಗೆ ಆಗ ತೋಚಿದ್ದು ಒಂದೇ. ಎದ್ದೆ. ಬಲಗಾಲನ್ನು ಸೆಟೆದು ಮರ ಮಾಡಿದೆ. ಹೊರಗೆ ಬೀಸಿ ಬೀಸಿ, ಮೊದಲಿನ ಹಾಗೆ, ಅವಳ ಮುಂದೆ ನಾಲ್ಕು ಹೆಜ್ಜೆ ಕುಂಟಿ ತೋರಿಸಿದೆ. ಅಪ್ಪ ನೋಡುತ್ತಿದ್ದರು. ಆ ಹೊಸ ಹೆಂಗಸೂ ನೋಡುತ್ತಿದ್ದಳು. ನೋಡಲಿ ಅಂದುಕೊಂಡೆ.

ಮಗಳ ಮುಖ ಕೆಂಪಾಯಿತು. ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು.

"ನಮ್ಮವ್ವನ್ನ ಅಣಕಸಬ್ಯಾಡ," ಅಂದಳು.

ಆ ಮನೆಯಲ್ಲಿ ನನ್ನ ಪರವಾಗಿ ಒಬ್ಬರು ಕಲ್ಲೆತ್ತಿದ್ದು ಅದೊಂದೇ ಸಲ. ಅದು ಬಂದು ಬಿದ್ದದ್ದು ನನ್ನ ಮೇಲೆಯೇ.