ಕಟ್ಟು ಬಿಚ್ಚಿ ನೋಡಬೇಕಿತ್ತು

ಹೊಸದಾಗಿ ಮದುವೆಯಾದ ಹುಡುಗಿಯರು ಕೇಳುತ್ತಾರೆ, ಕೌದಿ ಹೊಲಿಯಲು ಯಾವ ಮಷಿನ್ ಕೊಳ್ಳಲಿ ಎಂದು. ಬಣ್ಣ ನೋಡಬೇಡ ಎನ್ನುತ್ತೇನೆ. ಎಷ್ಟು ಬಗೆ ಹೂಹೊಲಿಗೆ ಬರುತ್ತದೆ ಎಂದೂ ನೋಡಬೇಡ. ಮಷಿನ್ನಿನ ತೋಳಿನ ಕೆಳಗೆ ಎಷ್ಟು ಜಾಗವಿದೆ ನೋಡು. ನಿನ್ನ ಕೌದಿಯನ್ನೇ ಅಂಗಡಿಗೆ ಒಯ್ಯು. ಅಲ್ಲಿ ಬಿಚ್ಚಿ ಹರಡು. ಜನ ನೋಡಿದರೆ ನೋಡಲಿ.

ಇದು ನಾನು ಕಲಿತದ್ದು ನನ್ನ ಗಂಡನಿಂದ. ಅವನು ಬಿಚ್ಚಲಿಲ್ಲ.

ಅವನ ಹೆಸರು ನೋರೊವಾ. ನಮ್ಮದು ಅತಿಯೂ ಎಂಬ ಸಣ್ಣ ದ್ವೀಪ. ಇಲ್ಲಿಗೆ ಹಡಗು ಬಂದರೆ ಹವಳದ ದಿಬ್ಬದ ಆಚೆಯೇ ನಿಲ್ಲುತ್ತದೆ. ಸಾಮಾನನ್ನು ಚಪ್ಪಟೆ ದೋಣಿಗೆ ಇಳಿಸಿ ದಡಕ್ಕೆ ತರಬೇಕು. ಆ ದೋಣಿಯಲ್ಲಿ ಅವನು ಹುಡುಗನಾಗಿದ್ದಾಗಿನಿಂದ ದುಡಿದ. ಹಿಟ್ಟು, ಸಕ್ಕರೆ, ಹಾಸಿಗೆ, ಒಮ್ಮೆ ಚರ್ಚಿನ ಆರ್ಗನ್ನು, ಏನೇ ಬರಲಿ, ಅವನು ಕಟ್ಟಿದರೆ ಅಲೆ ಹೊಡೆದರೂ ಒಳಗೆ ನೀರು ಹೋಗುತ್ತಿರಲಿಲ್ಲ. ಮೊಣಕಾಲು ಊರಿ, ಮೈಭಾರ ಹಾಕಿ ಹಗ್ಗ ಎಳೆಯುತ್ತಿದ್ದ. ಅವನ ಗಂಟನ್ನು ಬೇರೆಯವರು ಬಿಚ್ಚಲು ಹೋಗಿ ಉಗುರು ಮುರಿದುಕೊಳ್ಳುತ್ತಿದ್ದರು. ಹಗ್ಗ ಕೊಯ್ದರೆ ಅವನಿಗೆ ಸಿಟ್ಟು.

ಮನೆಯಲ್ಲಿ ನನ್ನದು ಹಳೆಯ ಕೈಮಷಿನ್. ಒಂದು ಕೈಯಲ್ಲಿ ಹಿಡಿಕೆ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಅಷ್ಟು ದೊಡ್ಡ ಬಟ್ಟೆಯನ್ನು ಸರಿಸುವುದು ಕಷ್ಟ. ಅದಕ್ಕೇ ಹಿಡಿಕೆ ಅವನು ತಿರುಗಿಸುತ್ತಿದ್ದ. ಬಟ್ಟೆ ನನ್ನ ಎರಡೂ ಕೈಯಲ್ಲಿ. ಇದು ಊರಿಗೆಲ್ಲ ಗೊತ್ತಿತ್ತು. ಗಂಡಸರು ಕಿತ್ತಳೆ ಹೆಂಡ ಕುಡಿಯುತ್ತ ಕೂತಿರುವಾಗ ಅವನು ಎದ್ದು ಹೊರಟರೆ ಕಾಲೆಳೆಯುತ್ತಿದ್ದರು.

"ಏನೋ ನೋರೊವಾ, ಇಷ್ಟ್ ಬೇಗ? ಹಿಡಿಕೆ ಅಳ್ತಾ ಇದೆಯೇನೋ?"

"ಹೌದು ಕಣ್ರೋ. ನಿಮ್ಮ ಹೆಂಡ್ತೀರೂ ಅಳ್ತಾ ಇದಾರೆ. ನೀವು ಏಳಲ್ಲ, ಅಷ್ಟೆ."

ನಮ್ಮಲ್ಲಿ ಕೌದಿ ಮಾರುವುದಿಲ್ಲ. ಕೊಡುವುದಕ್ಕೇ ಹೊಲಿಯುವುದು. ಮಗಳ ಮದುವೆಗೆ, ಮೊಮ್ಮಗನ ಮೊದಲ ಕೂದಲು ಕತ್ತರಿಸುವ ದಿನಕ್ಕೆ, ಊರು ಬಿಡುವ ಪಾದ್ರಿಗೆ, ಸತ್ತವರ ಜೊತೆ ಗುಂಡಿಗೆ. ನಾವಿಬ್ಬರೂ ಹೊಲಿದದ್ದೆಲ್ಲ ಹೀಗೆ ಹೋಯಿತು. ನಮ್ಮ ಮಂಚದ ಮೇಲೆ ಮಾತ್ರ ಅಂಗಡಿಯ ಕಂಬಳಿ.

ಒಂದು ದಿನ ಹಿಡಿಕೆ ಬಿಟ್ಟು ಅವನು ಹೇಳಿದ. "ಅಕಾಯಿತಿ, ಒಂದು ನಮಗೆ ಹೊಲಿಯೋಣ."

"ನಮಗೆ ಅಂದ್ರೆ?"

"ನಮ್ ಮಂಚಕ್ಕೆ. ನಾನೂ ಒಂದ್ಸಲ ಅದರಡಿ ಮಲಗಿ ನೋಡ್ಬೇಕು. ಬದುಕಿರುವಾಗ."

ಮದುವೆಯಾದಾಗಿನಿಂದ ಅವನು ನನ್ನಲ್ಲಿ ಕೇಳಿದ್ದು ಅದೊಂದೇ ಇರಬೇಕು.

ಶುರು ಮಾಡಿದೆವು. ಬೆರಳಗಲದ ಚೂರುಗಳು, ಕೆಂಪು, ಹಳದಿ, ಬಿಳಿ. ತಾಪೈರು ಅಕ್ಕ ಚೂರುಗಳನ್ನು ಸಾಲಿಗೆ ಇಟ್ಟುಕೊಟ್ಟಳು. ನಮ್ಮ ಹೆಂಗಸರ ಕೂಟಕ್ಕೆ ಅವಳೇ ಹಿರಿಯಳು. ಕೌದಿಯ ಎರಡು ಅರ್ಧ ಬೇರೆಬೇರೆ ಹೊಲಿದು, ಅಸ್ತರು ಕೊಟ್ಟು, ಕೊನೆಗೆ ನಡುವೆ ಕೂಡಿಸುವುದು ನಮ್ಮ ಕ್ರಮ. ಎರಡೂ ಅರ್ಧ ಮುಗಿಯುವ ಹೊತ್ತಿಗೆ ಕೈಮಷಿನ್ನಿನ ಹಲ್ಲು ಸವೆದು ಹೋಯಿತು. ಅವನ ಭುಜವೂ ಸೋತಿತ್ತು. ಉಸಿರು ಸಿಕ್ಕಿಕೊಳ್ಳುತ್ತಿತ್ತು.

ದೊಡ್ಡ ದ್ವೀಪ ರಾರೊಟೊಂಗಾದ ಆಸ್ಪತ್ರೆಗೆ ಹೋಗು ಎಂದರು. ಮಗಳಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು, ನನಗೆ ಹೋಗಲಾಗಲಿಲ್ಲ.

"ಹೆಂಗೂ ಹೋಗ್ತಾ ಇದೀನಿ, ಮಷಿನ್ನೂ ತರ್ತೀನಿ," ಅಂದ.

"ನಿನಗೇನ್ ಗೊತ್ತು ಮಷಿನ್ ವಿಷಯ?"

"ಇಷ್ಟು ವರ್ಷ ತಿರುಗಿಸಿದವನು ನಾನು. ನಿನಗೇನ್ ಗೊತ್ತು ಹೇಳು."

ನಾನು ಹೇಳಿಕಳಿಸಿದ್ದು ಒಂದೇ. ತೋಳಿನ ಕೆಳಗೆ ಅರ್ಧ ಕೌದಿ ಹೋಗಬೇಕು. ಹೋಗದಿದ್ದರೆ ನಡುವಿನ ಹೊಲಿಗೆ ಹಾಕಲಾಗುವುದಿಲ್ಲ. ಅವನು ಅರ್ಧ ಕೌದಿಯನ್ನೇ ಜೊತೆಗೆ ಒಯ್ದ. ಸುತ್ತಿದ, ತಾಡಪಾಲು ಹಾಕಿದ, ಮೊಣಕಾಲು ಊರಿ ಕಟ್ಟಿದ. ಕಟ್ಟಿ ಮುಗಿಸಿ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದ.

ಅವನು ವಿಮಾನದಲ್ಲಿ ಬಂದ. ಮಷಿನ್ ಆಮೇಲೆ ಹಡಗಿನಲ್ಲಿ ಬಂತು. ಅವನ ದೋಣಿಯ ಜೊತೆಗಾರರೇ ತಂದಿಳಿಸಿದರು. ಬಿಳಿಯದು, ಕರೆಂಟಿನದು.

"ಡಾಕ್ಟ್ರು ಏನಂದ್ರು, ಇನ್ನೂ ಹೇಳ್ಲಿಲ್ಲ ನೀನು," ಅಂದೆ.

"ಏನಿಲ್ಲ. ಮೊದ್ಲು ಮಷಿನ್ ನೋಡು. ಅಂಗಡೀಲಿದ್ದ ಎಲ್ಲಾ ಮಷಿನ್ ಕೆಳಗೂ ಕೌದಿ ತೂರಿಸಿ ನೋಡ್ದೆ. ಜನ ನಕ್ಕರು. ಅಂಗಡಿ ಹುಡುಗಿ ಕೇಳಿದ್ಲು, ಪಾಪ ಈ ಅಜ್ಜ ಹಾವನ್ನ ಬಿಲಕ್ಕೆ ಬಿಡ್ತಾ ಇದಾನಾ ಅಂತ. ಇದೊಂದರಲ್ಲಿ ಸರಾಗ ಹೋಯ್ತು."

"ಕೈಮಷಿನ್ ಇರ್ಲಿಲ್ವಾ?"

"ಇತ್ತು. ತಿರುಗಿಸೋರು ಬೇಕಲ್ಲ," ಅಂದ.

ಆ ಮಾತಿನಲ್ಲೇ ಡಾಕ್ಟ್ರು ಏನಂದರು ಎಂದು ಗೊತ್ತಾಯಿತು.

ಮಷಿನ್ ಮೇಜಿನ ಮೇಲೆ ಇಟ್ಟೆವು. ಎರಡು ಅರ್ಧಗಳನ್ನು ಅಂಚಿಗೆ ಅಂಚು ಸೇರಿಸಿ ಬಲಗಡೆಯ ಅರ್ಧವನ್ನು ಸುತ್ತಿ ತೋಳಿನ ಕೆಳಗೆ ತೂರಿಸಿದೆ. ಸೂಜಿಯ ತನಕ ಬರಲಿಲ್ಲ. ಸಿಕ್ಕಿಕೊಂಡಿತು. ಬಿಗಿಯಾಗಿ ಸುತ್ತಿದರೆ ಒಳಗೆ ಹೋಗುತ್ತದೆ, ಆದರೆ ಬಟ್ಟೆ ಅಲ್ಲಾಡುವುದಿಲ್ಲ. ಅಲ್ಲಾಡದ ಬಟ್ಟೆ ಹೊಲಿಯುವುದು ಹೇಗೆ?

"ಹೋಗುತ್ತೆ, ತಳ್ಳು," ಅಂದ. "ಅಂಗಡೀಲಿ ಹೋಯ್ತು."

"ಅಂಗಡೀಲಿ ಬಿಚ್ಚಿದ್ಯಾ?"

ಅವನು ಬಿಚ್ಚಿಟ್ಟ ಹಗ್ಗವನ್ನು ಸುತ್ತತೊಡಗಿದ.

"ನೋರೊವಾ, ಕಟ್ಟು ಬಿಚ್ಚಿ ನೋಡಿದ್ಯಾ?"

"ಬಿಚ್ಚಿದ್ರೆ ಮತ್ತೆ ಕಟ್ಬೇಕಲ್ಲ," ಅಂದ.

ಅವನು ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋಗಿದ್ದ. ಅಲ್ಲಿ ನೆಲದ ಮೇಲೆ ಮೊಣಕಾಲು ಊರಿ ಹಗ್ಗ ಎಳೆಯುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಸಡಿಲ ಕಟ್ಟು ಹೊತ್ತುಕೊಂಡು ಬರುವವನು ಅವನಲ್ಲ. ಕಟ್ಟಿದ ಕೌದಿಗೆ ಸರಿಹೋಗುವ ಮಷಿನ್ ತಂದ. ಅಷ್ಟೇ ಆದದ್ದು.

ನಡುವಿನ ಹೊಲಿಗೆಯನ್ನು ಕೈಯಲ್ಲೇ ಹಾಕಲು ಕೂತೆ. ಅಸ್ತರು ಸೇರಿ ನಾಲ್ಕು ಪದರ. ಸೂಜಿ ಎಳೆಯಲು ಬೆರಳಿಗೆ ಬಲ ಸಾಲುತ್ತಿರಲಿಲ್ಲ. ಅವನು ಎದುರಿಗೆ ಕೂತು ದಾರ ಪೋಣಿಸಿ ಕೊಡುತ್ತಿದ್ದ. ಬೇರೆ ಕೆಲಸ ಅವನಿಗಿರಲಿಲ್ಲ. ಒಮ್ಮೊಮ್ಮೆ ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ಸುತ್ತುತ್ತಿತ್ತು, ಹಿಡಿಕೆ ಹಿಡಿದ ಹಾಗೆ.

"ಮುಗೀತಾ?"

"ಇಲ್ಲ."

"ನಾಳೆ?"

"ಮಷಿನ್ ಸರಿಯಾಗಿ ತಂದಿದ್ರೆ ಯಾವಾಗ್ಲೋ ಮುಗೀತಿತ್ತು."

"ಇನ್ನು ಈ ಮಾತನ್ನ ಗುಂಡಿ ತನಕ ಕೇಳ್ಬೇಕು ನಾನು," ಅಂದು ನಕ್ಕ. ನಗಲೂ ಉಸಿರು ಸಾಲಲಿಲ್ಲ.

ಒಂದು ಮೊಳ ಹೊಲಿಗೆ ಉಳಿದಿತ್ತು. ಬೆಳಿಗ್ಗೆ ನಾನು ಗೆಣಸು ಬೇಯಿಸಿ ತರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಅವನ ಮೇಲೆ ಅಂಗಡಿಯ ಕಂಬಳಿ ಇತ್ತು.

ಹೆಂಗಸರು ಬಂದರು. ತಾಪೈರು ಅಕ್ಕ ಕೌದಿ ನೋಡಿದಳು. "ಅರ್ಧ ಹೊಲಿದದ್ದನ್ನ ಯಾರ ಜೊತೆಗೂ ಕಳಿಸಬಾರದು. ಸೂಜಿ ತನ್ರೇ," ಅಂದಳು. ಅವನ ಪಕ್ಕದಲ್ಲೇ ಕೂತು, ಹಾಡುತ್ತ, ಆ ಒಂದು ಮೊಳವನ್ನು ಮುಗಿಸಿದರು. "ನೋಡು ಇವನನ್ನ, ಸತ್ತ ಮೇಲೂ ನಮಗೆ ಕೆಲಸ ಹಚ್ಚಿದಾನೆ," ಎಂದು ಯಾರೋ ಅಂದರು. ನಾವು ನಕ್ಕೆವು, ಅತ್ತೆವು.

ಮುಗಿದ ಮೇಲೆ ತಾಪೈರು ಅಕ್ಕ ಮೆಲ್ಲಗೆ ಕೇಳಿದಳು. "ಇದು ನಿಮ್ ಮಂಚಕ್ಕೆ ಅಂತ ಅಲ್ವೇನೇ? ಇಟ್ಕೋ. ಅವನಿಗೆ ನನ್ನದೊಂದು ಹಾಕೋಣ. ಹೊಸದಿದೆ."

ಇಟ್ಟುಕೊಳ್ಳಬಹುದಿತ್ತು. ಅವನು ಕೇಳಿದ್ದು ಮಂಚಕ್ಕೇ. ಆದರೆ ಅವನಿಲ್ಲದ ಮಂಚಕ್ಕೆ ಅದು ತೀರ ದೊಡ್ಡದು.

"ಇಲ್ಲ ಅಕ್ಕ. ಹೋಗ್ಲಿ," ಅಂದೆ.

ನಮ್ಮ ರೂಢಿಯಂತೆ ಮನೆಯ ಮುಂದೆಯೇ ಗುಂಡಿ ತೆಗೆದಿದ್ದರು. ಪೆಟ್ಟಿಗೆಗೆ ಕೌದಿ ಸುತ್ತಿದೆವು. ದೋಣಿಯವರು ಹಗ್ಗ ತಂದರು. ಅವನೇ ಕಲಿಸಿದ ಗಂಟು. ಅವರಲ್ಲಿ ದೊಡ್ಡವನು ಮತಾವೊರಾ, ಮೊಣಕಾಲು ಊರಿ ನನ್ನ ಮುಖ ನೋಡಿದ.

"ಬಿಗಿಯಾಗಿ ಎಳೀಲಾ ಅಕ್ಕ?"

"ಬೇಡ. ಸಡಿಲ ಬಿಡು."

"ಜಾರುತ್ತಲ್ಲ."

"ಜಾರ್ಲಿ. ಬಿಚ್ಚಿದ್ರೆ ಎಷ್ಟಾಗುತ್ತೆ ಅಂತ ಅವನಿಗೂ ಗೊತ್ತಾಗ್ಲಿ."

ಮತಾವೊರಾ ಹಗ್ಗ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡ. ಕೈಯಲ್ಲೇ ಹಿಡಿದು ಇಳಿಸಿದರು. ಕೌದಿಯ ಒಂದು ಅಂಚು ಜಾರಿ ಬದಿಗೆ ಹರಡಿಕೊಂಡಿತು. ಹಾಗೇ ಮಣ್ಣು ಹಾಕಿದರು.

ಆ ಮಷಿನ್ ಇನ್ನೂ ಇದೆ. ದಿಂಬಿನ ಚೀಲ ಹೊಲಿಯಲು ಸಾಕು. ಕೇಳುವವರಿಗೆ ಕೊಡುವುದಿಲ್ಲ. ಕೌದಿ ಇಟ್ಟುಕೊಳ್ಳಬೇಕಿತ್ತು ಎಂದು ಕೆಲವು ದಿನ ಅನಿಸುತ್ತದೆ. ಕೆಲವು ದಿನ ಅನಿಸುವುದಿಲ್ಲ. ಬದುಕಿರುವಾಗ ಒಂದು ಸಲ, ಅಂದಿದ್ದ. ಆ ಒಂದು ಸಲ ಆಗಲಿಲ್ಲ. ನಾನು ಈಗಲೂ ಅಂಗಡಿಯ ಕಂಬಳಿಯನ್ನೇ ಹೊದೆಯುತ್ತೇನೆ.