ಬಂಗಾರಿಯ ಮನೆಗೆ ಬಂದ ಮೇಷ್ಟ್ರು

ಬೀದಿಯವರೆಲ್ಲ ಅವನನ್ನು ಕರೆಯುವುದು ಗರಿಗರಿ ಮಾಮ ಅಂತ. ಲಾಂಡ್ರಿ ಅಂಗಡಿಯವನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೇ? ಮುಂದೆ ಅಂಗಡಿ, ಅದರ ಹಿಂದೆ ಹಜಾರ, ಮಲಗುವ ಕೋಣೆ, ಅಡುಗೆಮನೆ, ಇನ್ನೂ ಹಿಂದೆ ಒಗೆಯುವ ಕೋಣೆ. ಇಷ್ಟೇ ಅವನ ಸಾಮ್ರಾಜ್ಯ. ಕೊಳೆ ಕಂಡರೆ ಸಾಕು, ಅವನಿಗೆ ಕೈ ತುರಿಸುತ್ತದೆ. ಒಮ್ಮೆ ಮನೆಗೆ ಬಂದ ಬೀಗರ ಅಂಗಿಯ ಮೇಲೆ ಚಹಾ ಚೆಲ್ಲಿತೆಂದು, ಪಾಪ, ಅವರನ್ನು ಬನಿಯನ್ನಿನಲ್ಲೇ ಕೂರಿಸಿ, ಅಂಗಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಟ್ಟೇ ಕಳಿಸಿದ. ಬೀಗರು ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಅವನ ಶಿಸ್ತಿಗೆ ಸೊಪ್ಪು ಹಾಕದ ಜೀವ ಆ ಮನೆಯಲ್ಲಿ ಒಂದೇ, ಹೆಂಡತಿಯ ಬೆಕ್ಕು ಬಂಗಾರಿ. ಮಗಳು ಮದುವೆಯಾಗಿ ಹೋದ ಮೇಲೆ ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಂಡದ್ದು ಆ ಬೆಕ್ಕು ಮಾತ್ರ. ಮಾಮನ ಕಿವಿಗೆ ಒಗೆಯುವ ಯಂತ್ರದ ಗುರುಗುರುವೇ ಹಿತ. ಅವಳು ಏನು ಹೇಳಿದರೂ 'ಹ್ಞೂಂ' ಅನ್ನುತ್ತಿದ್ದ. ಆ 'ಹ್ಞೂಂ' ಯಾವುದಕ್ಕೆ ಅಂತ ಕೇಳಿದರೆ ಕಣ್ಣು ಕಣ್ಣು ಬಿಡುತ್ತಿದ್ದ.

ಮಗಳ ಹೆರಿಗೆಗೆಂದು ಹೊರಟಾಗ ಹೆಂಡತಿ ಹೊಸ್ತಿಲಲ್ಲಿ ನಿಂತು ಬೆರಳೆತ್ತಿ ಹೇಳಿದ್ದಳು. "ರೀ, ಅಂಗಡಿ ಮುಚ್ಚಿದ್ರೂ ಚಿಂತೆಯಿಲ್ಲ. ಬಂಗಾರಿ ಮಾತ್ರ ನಾನು ಬಿಟ್ಟು ಹೋದ ಹಾಗೇ ಇರ್ಬೇಕು. ಅದೇನಾದ್ರೂ ಮನೆ ಬಿಟ್ಟು ಹೋಯ್ತೋ, ನಾನೂ ಮಗಳ ಮನೇಲೇ ಇದ್ಬಿಡ್ತೀನಿ."

"ಹ್ಞೂಂ," ಎಂದ ಮಾಮ. ಈ ಸಲ ಕೇಳಿಸಿಕೊಂಡೇ ಹೇಳಿದ್ದ.

ಅವಳು ಹೋಗಿ ಕೆಲವೇ ದಿನಕ್ಕೆ ಅಕ್ಕನ ಫೋನು ಬಂತು. ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು.

"ಲೋ ತಮ್ಮ, ನನ್ನ ಸೊಂಟ ಹಾಳಾಗ್ಲಿ, ಮೇಷ್ಟ್ರ ಗತಿ ಏನೋ?"

ಮೇಷ್ಟ್ರು ಅಂದರೆ ಅಕ್ಕನ ನಾಯಿ. ಕಣ್ಣಿನ ಸುತ್ತ ಕನ್ನಡಕದಂತೆ ಬಿಳಿ ಉಂಗುರ, ಯಾವಾಗಲೂ ಯಾರದೋ ತಪ್ಪು ಹಿಡಿದಂಥ ಗಂಟುಮುಖ. ಅದನ್ನು ಬಹುವಚನದಲ್ಲೇ ಮಾತಾಡಿಸಬೇಕು, ಇಲ್ಲದಿದ್ದರೆ ಅಕ್ಕನಿಗೆ ಕೋಪ.

"ಅಕ್ಕ, ಇಲ್ಲಿ ಬೆಕ್ಕಿದೆಯಲ್ಲ..."

"ಮೇಷ್ಟ್ರು ಬೆಕ್ಕಿಗೂ ಮರ್ಯಾದೆ ಕೊಡ್ತಾರೆ ಕಣೋ. ನಾನು ಎದ್ದು ಓಡಾಡೋವರೆಗೆ ಇಟ್ಕೋ."

ಎತ್ತಿ ಆಡಿಸಿದ ಅಕ್ಕನಿಗೆ ಇಲ್ಲ ಎನ್ನುವುದು ಹೇಗೆ? ಅಂದೇ ಸಂಜೆ ಅಕ್ಕನ ಪಕ್ಕದ ಮನೆಯವರು ಮೇಷ್ಟ್ರನ್ನು ತಂದು ಅಂಗಡಿ ಬಾಗಿಲಲ್ಲಿ ಇಳಿಸಿ ಹೋದರು. ಮೇಷ್ಟ್ರು ಒಳಗೆ ಬಂದು, ಹಜಾರದ ನಡುವೆ ನಿಂತು, ಒಮ್ಮೆ ಮೈ ಕೊಡವಿದರು. ಅಷ್ಟೇ! ಬಂಗಾರಿಯ ಬಾಲ ಸೀಸೆ ತೊಳೆಯುವ ಬ್ರಷ್ಷಿನ ಹಾಗೆ ಉಬ್ಬಿತು. ಕುರ್ಚಿಯಿಂದ ಮೇಜು, ಮೇಜಿನಿಂದ ಬೀರುವಿನ ತಲೆ. ಜಪ್ಪಯ್ಯ ಅಂದರೂ ಕೆಳಗೆ ಇಳಿಯಲೊಲ್ಲದು. ಮೇಷ್ಟ್ರೋ, ತಾವೇನು ತಪ್ಪು ಮಾಡಿದೆವೆಂದು ತಿಳಿಯದೆ ಮಾಮನ ಮುಖ ನೋಡಿದರು. ಮಾಮನಿಗೂ ತಿಳಿಯಲಿಲ್ಲ.

ಮರುದಿನ ಬಂಗಾರಿ ಹಾಲು ಮುಟ್ಟಲಿಲ್ಲ. ಕಿಟಕಿಯ ಸಂದಿಯಿಂದ ನುಸುಳಿ ಹೊರಗಿನ ಗೋಡೆಯ ಮೇಲೆ ಕೂತು ಬೀದಿಯ ಆ ತುದಿಯನ್ನೇ ನೋಡತೊಡಗಿತು. ಮಾಮ ಗೋಡೆಯ ಬಳಿಗೆ ಧಾವಿಸಿದ. ಬೆಕ್ಕು ಗೋಡೆಯ ಆಚೆ ಹಾರಿದರೆ ಹೆಂಡತಿ ಈಚೆ ಬರುವುದಿಲ್ಲ! ಬೇಡಿಕೊಂಡು, ಗದರಿಸಿ, ಕೊನೆಗೆ ಮೀನಿನ ತುಂಡು ತೋರಿಸಿ ಅದನ್ನು ಒಳಕ್ಕೆ ತಂದು, ಕಿಟಕಿ ಮುಚ್ಚಿ, ನೇರ ಡಾಕ್ಟ್ರಮ್ಮನ ಬಳಿಗೆ ಓಡಿದ. ದನಕರು, ನಾಯಿ, ಬೆಕ್ಕು ನೋಡುವ ಡಾಕ್ಟ್ರಮ್ಮ. ಅವಳ ಬಿಳಿ ಕೋಟುಗಳೆಲ್ಲ ಮಾಮನ ಕೈಯಲ್ಲೇ ಗರಿಗರಿಯಾಗುವುದು.

"ಮಾಮ, ಗಾಬರಿ ಬೇಡ," ಎಂದಳು ಅವಳು. "ಇಬ್ಬರನ್ನೂ ಬೇರೆ ಬೇರೆ ಕೋಣೇಲಿಡಿ. ಒಂದು ಬಟ್ಟೆಯಿಂದ ನಾಯಿಯ ಮೈ ಒರೆಸಿ ಬೆಕ್ಕಿನ ತಟ್ಟೆ ಹತ್ರ ಇಡಿ. ಬೆಕ್ಕಿನ ಮೈ ಒರೆಸಿದ ಬಟ್ಟೇನ ನಾಯಿ ಹತ್ರ. ದಿನಾ ಹೀಗೆ ಮಾಡಿ. ಮೊದಲು ಮೂಗಿಗೆ ಪರಿಚಯ ಆಗ್ಲಿ, ಆಮೇಲೆ ಕಣ್ಣಿಗೆ."

ಮೇಷ್ಟ್ರಿಗೆ ಒಗೆಯುವ ಕೋಣೆ, ಬಂಗಾರಿಗೆ ಹಜಾರ ಎಂದಾಯಿತು. ಮಲಗುವ ಕೋಣೆಗೆ ಮಾತ್ರ ಇಬ್ಬರಿಗೂ ಪ್ರವೇಶವಿಲ್ಲ. ಬಂಗಾರಿ ಆ ಬಾಗಿಲನ್ನು ಎಷ್ಟು ಕೆರೆದರೂ ಮಾಮ ಬಿಡಲಿಲ್ಲ. ಹಾಸಿಗೆಗೆ ಕೂದಲು ಅಂಟುತ್ತದಂತೆ.

ದಿನವೂ ಬಟ್ಟೆಯಲ್ಲಿ ಒರೆಸಿದ, ಇಟ್ಟ, ಒರೆಸಿದ, ಇಟ್ಟ. ಒಂದು ವಾರ ಕಳೆಯಿತು. ಬಾಗಿಲ ಸಂದಿಯಲ್ಲಿ ಮೇಷ್ಟ್ರ ಮೂಗಿನ ತುದಿ ಕಂಡರೂ ಬಂಗಾರಿ ಬುಸ್ಸೆನ್ನುವುದು ನಿಲ್ಲಲಿಲ್ಲ. ಇದರ ನಡುವೆ ಹೆಂಡತಿಯ ಫೋನು ಬೇರೆ.

"ಅದೇನ್ರೀ ಬೊಗಳಿದ ಹಾಗೆ ಕೇಳ್ತು?"

"ಗಿರಾಕಿ ಕಣೇ. ಕೆಮ್ಮು ಅಂತೆ."

"ಹಾಗೂ ಕೆಮ್ತಾರಾ? ಬಂಗಾರಿ ಎಲ್ಲಿ? ಚೆನ್ನಾಗಿದ್ಯಾ?"

"ಹ್ಞೂಂ."

ಮರುದಿನ ಧೈರ್ಯ ಮಾಡಿ ಒಗೆಯುವ ಕೋಣೆಯ ಬಾಗಿಲು ತೆರೆದ. ಬಂಗಾರಿ ಅಂಗಡಿಗೆ ನುಗ್ಗಿ, ತೂಗುಹಾಕಿದ್ದ ಇಸ್ತ್ರಿ ಬಟ್ಟೆಗಳ ಮೇಲೇರಿತು. ಸರಳು ಕಳಚಿ ಡಾಕ್ಟ್ರಮ್ಮನ ಕೋಟುಗಳೆಲ್ಲ ಹಿಂದೆಯೇ ಬಂದ ಮೇಷ್ಟ್ರ ತಲೆಯ ಮೇಲೆ ಬಿದ್ದವು. ಬಿಳಿ ಕೋಟಿನೊಳಗಿಂದ ಮೇಷ್ಟ್ರು ದಿಕ್ಕು ತೋಚದೆ ಊಳಿಟ್ಟರು. ಮಾಮನ ತಲೆ ಕೆಟ್ಟು ಕೆರ ಹಿಡಿಯಿತು. ಯಾರನ್ನು ಮೊದಲು ಸಮಾಧಾನ ಮಾಡುವುದು? ನಾಯಿಯನ್ನೋ, ಬೆಕ್ಕನ್ನೋ, ಕೋಟನ್ನೋ? ಅವನು ಕೋಟನ್ನೇ ಎತ್ತಿಕೊಂಡ.

"ನೀವು ಹೇಳಿದ್ದೆಲ್ಲಾ ಚಾಚೂ ತಪ್ಪದೆ ಮಾಡಿದೆ ಡಾಕ್ಟ್ರಮ್ಮ," ಎಂದು ಅವಳ ಮುಂದೆ ಅಳುಮುಖ ಮಾಡಿದ.

"ಎಲ್ಲಿ, ಆ ಬಟ್ಟೆ ತೋರ್ಸಿ."

ಮಾಮ ಜೇಬಿನಿಂದ ಎರಡು ಬಟ್ಟೆ ತೆಗೆದ. ಅಚ್ಚ ಬಿಳುಪು, ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿದೆ. ಡಾಕ್ಟ್ರಮ್ಮ ಮೂಗಿಗೆ ಹಿಡಿದು ನೋಡಿದಳು. ಅವನ ಮುಖ ನೋಡಿದಳು. ಮತ್ತೆ ಮೂಗಿಗೆ ಹಿಡಿದಳು.

"ಮಾಮ, ಇದನ್ನ ಒಗೆದ್ರಾ?"

"ಮತ್ತೆ? ನಾಯಿ ಒರೆಸಿದ ಬಟ್ಟೆ! ಕೂದಲು, ಜೊಲ್ಲು... ಹಾಗೇ ತಟ್ಟೆ ಪಕ್ಕ ಇಡೋಕಾಗತ್ತಾ? ಒರೆಸಿದ ತಕ್ಷಣ ನೆನೆಹಾಕಿ, ಒಗೆದು, ಇಸ್ತ್ರಿ ಮಾಡಿ ಇಡ್ತಿದ್ದೆ."

ಡಾಕ್ಟ್ರಮ್ಮ ಹೊಟ್ಟೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದಳು. "ಅಯ್ಯೋ ಮಾಮ! ನಾನು ವಾಸನೆ ಪರಿಚಯ ಮಾಡ್ಸಿ ಅಂದೆ. ನೀವು ಇಬ್ಬರಿಗೂ ಸೋಪಿನ ಪರಿಚಯ ಮಾಡ್ಸಿದೀರಲ್ಲ!"

ಒರೆಸಿದ ಬಟ್ಟೆಯನ್ನು ಒಗೆಯದೆ ಇಡುವುದು. ಕೇಳಲು ಸುಲಭ, ಅಲ್ಲವೇ? ಮಾಮನಿಗೆ ಅದೊಂದು ತಪಸ್ಸಾಯಿತು. ಕೂದಲು ಹತ್ತಿದ ಆ ಬಟ್ಟೆಯನ್ನು ದಾಟಿ ಹೋಗುವಾಗಲೆಲ್ಲ ಮುಖ ಆ ಕಡೆ ತಿರುಗಿಸುತ್ತಿದ್ದ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಆದರೆ ಕೆಲಸವಾಯಿತು. ಬಂಗಾರಿ ಮೊದಲು ಆ ಬಟ್ಟೆಯನ್ನು ದೂರದಿಂದ ಮೂಸಿತು, ಆಮೇಲೆ ಅದರ ಪಕ್ಕ ಕೂತು ಹಾಲು ಕುಡಿಯಿತು, ಆಮೇಲೆ ಅದರ ಮೇಲೇ ಮಲಗಿತು. ಮಾಮ ಮೇಷ್ಟ್ರ ಕೊರಳಿಗೆ ಹಗ್ಗ ಕಟ್ಟಿ, ದಿನಕ್ಕಿಷ್ಟು ಹೊತ್ತು ಹಜಾರದ ಮೂಲೆಯಲ್ಲಿ ಕೂರಿಸತೊಡಗಿದ. ಕೊನೆಗೊಂದು ಮಧ್ಯಾಹ್ನ ಹಗ್ಗ ಬಿಚ್ಚಿದ. ಬಂಗಾರಿ ಗಂಭೀರವಾಗಿ ಬಂದು, ಮೇಷ್ಟ್ರ ಮೂಗಿಗೆ ಒಂದೇ ಒಂದು ಏಟು ಕೊಟ್ಟು, ಅವರ ಹೊಟ್ಟೆಗೆ ಒರಗಿ ಮಲಗಿತು. ಮೇಷ್ಟ್ರು ಅಲುಗಾಡಲಿಲ್ಲ.

ಹೆಂಡತಿ ಬರುವ ದಿನ ಬಂತು. ಮಾಮನ ಸಂಭ್ರಮ ಏನು ಹೇಳಲಿ! ಅವಳ ಒಂದೊಂದು ಉಡುಪನ್ನೂ ಒಗೆದು, ಇಸ್ತ್ರಿ ಮಾಡಿ ಬೀರುವಿನಲ್ಲಿ ಪೇರಿಸಿದ. ಪರದೆ ಒಗೆದ, ಕುರ್ಚಿಯ ಗವಸು ಒಗೆದ, ನೆಲ ಉಜ್ಜಿದ. ಅವಳು ಚೀಲ ಹಿಡಿದು ಬಾಗಿಲಲ್ಲಿ ಇಳಿದವಳು ಮೊದಲು ಕೂಗಿದ್ದು, "ಬಂಗಾರೀ!"

ಬಂಗಾರಿ ಓಡಿ ಬಂತು. ಅವಳು ಚಾಚಿದ ಕೈ ಮೂಸಿತು. ಮಗುವಿನ ಎಣ್ಣೆ, ಪುಡಿ, ಹಾಲು, ಬೇರೆ ಮನೆಯ ಸೋಪು. ಕಿವಿ ಹಿಂದಕ್ಕೆ ಬಿತ್ತು. ಬುಸ್ಸೆಂದು ಹಿಂದೆ ಸರಿದು, ಓಡಿಹೋಗಿ ಮೇಷ್ಟ್ರ ಬೆನ್ನ ಹಿಂದೆ ಅಡಗಿತು.

ಹೆಂಡತಿ ನಾಯಿಯನ್ನು ನೋಡಿದಳು, ಬೆಕ್ಕನ್ನು ನೋಡಿದಳು, ಗಂಡನನ್ನು ನೋಡಿದಳು.

"ಇದ್ಯಾರ್ರೀ?"

"ಮೇಷ್ಟ್ರು. ಅಕ್ಕನವರು... ಅಂದ್ರೆ ಅಕ್ಕನ ನಾಯಿಯವರು," ಎಂದು ತೊದಲಿದ ಮಾಮ.

"ಕೆಮ್ಮಿದ ಗಿರಾಕಿ ಇವ್ರೇನಾ?"

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಮತ್ತೆ ಮತ್ತೆ ಕರೆದಳು. ಬಂಗಾರಿ ಮತ್ತೆ ಮತ್ತೆ ಬುಸ್ಸೆಂದಿತು. ಅವಳು ಹೊಸ್ತಿಲ ಮೇಲೇ ಕೂತು ಅತ್ತುಬಿಟ್ಟಳು. "ಮಗಳಿಗೆ ಅವಳ ಮನೆ ಆಯ್ತು, ಮಗು ಆಯ್ತು. ಇಲ್ಲಿ ಇದೊಂದಾದ್ರೂ ನನ್ನ ದಾರಿ ಕಾಯ್ತಿರತ್ತೆ ಅಂತ ಓಡಿ ಬಂದೆ. ನನ್ನ ಮನೇಲಿ ನಾನೇ ಹೊರಗಿನವಳಾದೆನಲ್ರೀ."

ಬೆಕ್ಕೇನೋ ಮನೆಯಲ್ಲೇ ಇದೆ, ಮಾಮ ಮಾತು ಉಳಿಸಿಕೊಂಡಿದ್ದಾನೆ. ಆದರೂ ಇವಳು ಅಳುತ್ತಿದ್ದಾಳೆ. ಡಾಕ್ಟ್ರಮ್ಮ ಹೇಳಿದ್ದು ನೆನಪಾಯಿತು. ಮೊದಲು ಮೂಗಿಗೆ ಪರಿಚಯ! ಬೀರು ತೆಗೆದು ಅವಳ ಬಟ್ಟೆಗಳನ್ನು ಒಂದೊಂದಾಗಿ ಮೂಸಿದ. ಸೋಪು. ಸೋಪು. ಇನ್ನೂ ಸೋಪು. ತನ್ನ ಕೈಯಾರೆ ಅವಳನ್ನು ಮನೆಯಿಂದ ತೊಳೆದುಹಾಕಿದ್ದ ಪುಣ್ಯಾತ್ಮ.

ಬೀರು ಮುಚ್ಚಿದ. ಆಮೇಲೆ ಮಲಗುವ ಕೋಣೆಗೆ ಹೋಗಿ, ಏನನ್ನೋ ಬೆನ್ನ ಹಿಂದೆ ಹಿಡಿದುಕೊಂಡು ಬಂದ.

"ಇದನ್ನ ಕೈಗೆ, ಕತ್ತಿಗೆ ಒರೆಸ್ಕೋ."

ಅವಳ ದಿಂಬಿನ ಕವರು. ನಡುವೆ ಮಾಸಿತ್ತು, ಮುದ್ದೆ ಮುದ್ದೆಯಾಗಿತ್ತು, ಅವಳದೊಂದು ಉದ್ದನೆಯ ಕೂದಲು ಇನ್ನೂ ಅಂಟಿಕೊಂಡಿತ್ತು.

ಅವಳಿಗೆ ಅಳು ನಿಂತಿತು. "ನಾನು ಹೋದಾಗಿಂದ ಇದನ್ನ ಒಗೆದೇ ಇಲ್ವಾ?"

"ಮರ್ತೆ."

"ನೀವಾ? ಒಗೆಯೋದು ಮರೆತ್ರಾ?"

ಮಾಮ ನೆಲ ನೋಡಿದ. "ಒಗೆಯೋಣ ಅಂತ ದಿನಾ ತೆಗೀತಿದ್ದೆ ಕಣೇ. ಕೈ ಏಳ್ತಿರ್ಲಿಲ್ಲ. ಮಲಗೋವಾಗ ಪಕ್ಕದಲ್ಲಿ ಇದ್ರೆ ನಿದ್ದೆ ಬರ್ತಿತ್ತು. ಯಾಕೆ ಅಂತ ನಂಗೂ ಗೊತ್ತಾಗ್ಲಿಲ್ಲ. ಬಂಗಾರಿ ಬಂದು ಅದರ ಮೇಲೆ ಮಲಗಿಬಿಡತ್ತೆ ಅಂತ ಬಾಗ್ಲು ಹಾಕ್ತಿದ್ದೆ."

ಅವಳು ಕವರಿನಿಂದ ಕಣ್ಣೊರೆಸಿಕೊಂಡಳು, ಕೈ ಒರೆಸಿಕೊಂಡಳು, ಮಡಿಲಲ್ಲಿ ಹರಡಿಕೊಂಡು ಕೂತಳು. ಬಂಗಾರಿ ಮೇಷ್ಟ್ರ ಬೆನ್ನ ಮೇಲಿಂದ ಇಣುಕಿತು, ಒಂದೊಂದೇ ಹೆಜ್ಜೆ ಬಂತು, ಕವರಿಗೆ ಮೂಗು ಇಟ್ಟಿತು, ಆಮೇಲೆ ಅವಳ ಅಂಗೈಗೆ ತಲೆ ಉಜ್ಜಿತು. ಹಿಂದೆಯೇ ಮೇಷ್ಟ್ರೂ ಬಂದು ಮೂಸಿದರು.

ಸಂಜೆ ಅಂಗಡಿಯ ಬಟ್ಟೆ ನೆನೆಹಾಕುವ ಹೊತ್ತಿಗೆ ಮಾಮ ಅಭ್ಯಾಸಬಲದಿಂದ ಮಲಗುವ ಕೋಣೆಯ ಬಾಗಿಲಿಗೂ ಬಂದು ನಿಂತ. ಅವಳು ಅದೇ ಕವರನ್ನು ದಿಂಬಿಗೆ ಹಾಕುತ್ತಿದ್ದಳು, ತನ್ನ ದಿಂಬಿಗಲ್ಲ, ಅವನದಕ್ಕೆ.

"ಇದನ್ನ ಒಗೆಯೋಕೆ ಹೋದ್ರೆ ನೋಡಿ ಮತ್ತೆ," ಎಂದಳು.

"ಹ್ಞೂಂ," ಎಂದ ಮಾಮ.