ವನ್ಸರ ಕಣ್ಣಿಗೆ ಬೀಳದ ರೂಮು

ಆ ರವಿವಾರವೂ ಎಂದಿನ ಹೊತ್ತಿಗೇ ಎಚ್ಚರವಾಯಿತು. ಎಂದಿನಂತೆ ಬಾಗಿಲು ತೆರೆದು ಹಾಲಿನ ಪಾಕೀಟಿಗೆ ಕೈ ಚಾಚಿದೆ. ಸಿಕ್ಕಿದ್ದು ಪಕ್ಕದ ರೂಮಿನವರ ಚಪ್ಪಲಿ. ಆಗ ನೆನಪಾಯಿತು, ನಾನಿರುವುದು ಸೊಲ್ಲಾಪುರದ ನಮ್ಮ ಮನೆಯಲ್ಲಲ್ಲ, ಅಕ್ಕಲಕೋಟದ ಲಾಡ್ಜಿನಲ್ಲಿ. ಕೈಗಳಿಗೆ ಮಾತ್ರ ಅದು ತಿಳಿಯಲಿಲ್ಲ. ರಾತ್ರಿಯ ಲೋಟ ತೊಳೆದವು, ಕನ್ನಡಿ ಒರೆಸಿದವು, ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಚಾದರದ ಮೂಲೆಗಳನ್ನು ಮಡಚಿ ಗಾದಿಯಡಿ ಸಿಕ್ಕಿಸಿದವು. ಒಳಗೆ ನನ್ನ ಗಂಡ ಇನ್ನೂ ಮಲಗಿದ್ದರು.

"ನೀ ಲಾಡ್ಜಿನ್ಯಾಗ ಇರಾಕ ಬಂದೀಯೋ, ಕೆಲಸಕ್ಕ ಸೇರಾಕ ಬಂದೀಯೋ?" ಎಂದು ಚಾದರ ಕೇಳಿತು.

ನಿಜ ಹೇಳಬೇಕೆಂದರೆ ನಾನು ಬಂದದ್ದು ಒಂದು ಕಪ್ ಚಹಾಕ್ಕೆ. ಬೇರೆ ಯಾರೋ ಮಾಡಿ ತಂದುಕೊಡುವ ಚಹಾ. ಹಾಲು ಉಕ್ಕಿತೇನೋ ಎಂದು ಏಳದೆ, ಕೂತಲ್ಲೇ ಕೂತು, ಕೊನೆಯ ಗುಟುಕಿನವರೆಗೂ ಬಿಸಿಯಾಗಿ ಕುಡಿಯುವ ಚಹಾ. ಮದುವೆಯಾದಾಗಿನಿಂದ ಅದೊಂದು ನನ್ನ ಪಾಲಿಗೆ ಬಂದಿಲ್ಲ.

ನೀವು ಕೇಳಬಹುದು, ಬಸ್ಸಿನಲ್ಲಿ ಒಂದು ನಿದ್ದೆಯೂ ಮುಗಿಯದಷ್ಟು ಹತ್ತಿರದ ಊರಿಗೆ ಹೋಗಿ ಲಾಡ್ಜಿನಲ್ಲಿರುವುದೇನು, ಅದೂ ನಂಟರಿರುವ ಊರಿನಲ್ಲಿ? ಅದೇ ತೊಡಕು. ಅಕ್ಕಲಕೋಟದಲ್ಲಿ ನನ್ನ ಗಂಡನ ಅಕ್ಕ ಇದ್ದಾರೆ, ನಾನು ವನ್ಸ ಎಂದು ಕರೆಯುವವರು. ನಮ್ಮ ಕಡೆ ನಂಟರಿರುವ ಊರಲ್ಲಿ ಲಾಡ್ಜಿಗೆ ಹೋದರೆ ಅದು ವಸತಿಯಲ್ಲ, ಜಗಳದ ಜಾಹೀರಾತು. ಮುಂದಿನ ಹತ್ತು ಮದುವೆಗಳಲ್ಲಿ ಅದೇ ಮಾತು. ಹಾಗೆಂದು ವನ್ಸ ಒಳ್ಳೆಯವರಲ್ಲವೆಂದಲ್ಲ. ಬಹಳ ಒಳ್ಳೆಯವರು. ನಾವು ಹೋದರೆ ಸೊಂಟ ಹಿಡಿದುಕೊಂಡೇ ಹೋಳಿಗೆ ಮಾಡುತ್ತಾರೆ. ಅವರ ಸೊಂಟ ನೋಡಲಾಗದೆ ನಾನು ಲಟ್ಟಣಿಗೆ ಹಿಡಿಯುತ್ತೇನೆ. ಹೀಗೆ ಅಡುಗೆಮನೆಯಿಂದ ಹೊರಟು ಅಡುಗೆಮನೆಗೇ ಹೋಗಿ ಬಂದಿರುತ್ತೇನೆ.

ಹಿಂದೆ ಯಾತ್ರೆಯ ಊರುಗಳಲ್ಲಿ ಧರ್ಮಶಾಲೆಗಳಿದ್ದವು. ಕಟ್ಟಿಸಿದವರ ಹೆಸರು ಗೋಡೆಯ ಕಲ್ಲಿನಲ್ಲಿರುತ್ತಿತ್ತು, ಇಳಿದುಕೊಂಡವರ ಹೆಸರು ಯಾರಿಗೂ ಬೇಕಿರಲಿಲ್ಲ. ಅವನ್ನು ಕಟ್ಟಿಸಿದ ಪುಣ್ಯಾತ್ಮರಿಗೂ ಊರಿಗೊಬ್ಬ ವನ್ಸ ಇದ್ದಿರಬೇಕೆಂದು ನನ್ನ ಗುಮಾನಿ.

ಹಾಗಾಗಿ ನಾವು ರೂಮು ಆರಿಸಿದ ರೀತಿಯೇ ಬೇರೆ. ಲೋಕವೆಲ್ಲ ಮೊಬೈಲಿನ ಫೋಟೋದಲ್ಲಿ ಹಾಸಿಗೆ, ಬಚ್ಚಲು ನೋಡಿದರೆ ನಾವು ಕಿಟಕಿಯಾಚೆ ಕಾಣುವ ಬೀದಿಯನ್ನು ಹಿಗ್ಗಿಸಿ ನೋಡಿದೆವು. ಒಂದು ಲಾಡ್ಜು ಬಹಳ ಚೆಂದವಿತ್ತು, ಆದರೆ ಮಾಲೀಕರ ತಾಯಿ ವನ್ಸರ ಭಜನಾ ಮಂಡಳಿಯವರು. ಇನ್ನೊಂದರ ಎದುರಿಗೇ ಅವರ ಬ್ಲೌಸು ಹೊಲಿಯುವ ಟೇಲರ್. ಕೊನೆಗೆ ಊರ ಹೊರಗೆ, ತೊಗರಿ ಹೊಲದ ಪಕ್ಕ ಒಂದು ಸಿಕ್ಕಿತು. 'ಸೊಳ್ಳೆ ಬಹಳ, ಜನ ಯಾರೂ ಇಲ್ಲ' ಎಂದು ಯಾರೋ ದೂರಿ ಬರೆದಿದ್ದರು. ಅದನ್ನು ಓದಿಯೇ ಗೊತ್ತು ಮಾಡಿದೆವು.

ಹೊರಡುವ ಮುನ್ನಾದಿನ ವನ್ಸರದೇ ಫೋನು ಬಂತು. "ಶನಿವಾರ ಐತವಾರ ಏನ್ ಮಾಡ್ತೀರಿ ವೈನಿ? ಪ್ಯಾಟಿಗೀಟಿಗೆ ಹೋಗಾವ್ರೇನು?"

"ಇಲ್ರಿ, ಮನಿ ಬಿಟ್ಟು ಹೊರಗ ಬೀಳೂದಿಲ್ರಿ," ಎಂದೆ.

"ಛಲೋ ಆತು ಬಿಡ್ರಿ," ಎಂದು ಫೋನಿಟ್ಟರು. ಬರ್ರಿ ಎಂದು ಒಂದು ಮಾತೂ ಕರೆಯಲಿಲ್ಲ. ನನ್ನ ಮಾತು ಅವರ ಮನಸ್ಸಿಗೆ ಹತ್ತಿಕೊಂಡಿತೇನೋ ಎಂದು ದಾರಿಯುದ್ದಕ್ಕೂ ಕೊರೆಯಿತು. ಶನಿವಾರ ಸ್ವಾಮಿಗಳ ಮಠದಲ್ಲಿ ದರ್ಶನ ಮಾಡಿದ್ದೂ ಕದ್ದುಮುಚ್ಚಿಯೇ: ಇವರು ತಲೆಗೆ ಟವೆಲು ಸುತ್ತಿ, ನಾನು ಸೆರಗು ಹೊದ್ದು. ಅಕ್ಕಪಕ್ಕದವರು ನಮ್ಮ ಭಕ್ತಿಗೆ ದಾರಿ ಬಿಟ್ಟರು.

ಅಂತೂ ಆ ರವಿವಾರ ಬೆಳಗ್ಗೆ ಬಾಲ್ಕನಿಯ ಕುರ್ಚಿಗೆ ಚಹಾ ಬಂತು. ಕೆನೆ ಕಟ್ಟಿರಲಿಲ್ಲ, ಶುಂಠಿ ಹದವಾಗಿತ್ತು, ಹಬೆ ಏಳುತ್ತಿತ್ತು. ಕಪ್ ತುಟಿಯ ಹತ್ತಿರ ಹೋಗಿತ್ತಷ್ಟೇ. ಕೆಳಗೆ ರಸ್ತೆಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬ ಹೆಂಗಸು ಬರುತ್ತಿದ್ದರು. ಅದೇ ಎತ್ತರ, ಅದೇ ನಡಿಗೆ. ಕಪ್ ಕೆಳಗಿಟ್ಟು, ಸೆರಗು ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಕೂತೆ. ಆಕೆ ನಿಂತು ತೊಗರಿ ಕಾಯಿ ಬಿಡಿಸತೊಡಗಿದರು, ಹೋಗುವ ಅವಸರವೇ ಇರಲಿಲ್ಲ. ಕಡೆಗೆ ಹೊರಳಿ ನೋಡಿದರೆ ಯಾರೋ ಬೇರೆಯವರು. ಚಹಾ ಆರಿ, ಮೇಲೆ ದಪ್ಪ ಕೆನೆ ಕಟ್ಟಿತ್ತು.

"ಅಕ್ಕನ ಮನಿಗೇ ಹೋಗಿದ್ರ ಚಹಾ ಆದ್ರೂ ಬಿಸಿ ಸಿಗತಿತ್ತು," ಎಂದರು ಇವರು.

"ಸಿಗತಿತ್ತು. ಮಾಡಾಕಿ ನಾನ," ಎಂದೆ.

ಸಂಜೆ ಸೊಲ್ಲಾಪುರಕ್ಕೆ, ವಿಜಾಪುರ ರಸ್ತೆಯ ನಮ್ಮ ಮನೆಗೆ ಮರಳಿದಾಗ, ಪಕ್ಕದ ಮನೆಯ ಮಾಲತಿಬಾಯಿ ಜಿನೆಯ ಮೆಟ್ಟಿಲ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ವನ್ಸ ನಮ್ಮಲ್ಲಿಗೆ ಬಂದಾಗಲೆಲ್ಲ ಅವರಿಗೂ ಉಪ್ಪಿನಕಾಯಿ ತರುವುದರಿಂದ ಇಬ್ಬರಿಗೂ ಒಳ್ಳೆಯ ಗುರುತು. ನಮ್ಮ ಹಾಲಿನ ಪಾಕೀಟನ್ನು ಕೈಗೆ ಕೊಡುತ್ತ, ಸೊಪ್ಪಿನಿಂದ ಕಣ್ಣೆತ್ತದೆ ಅಂದರು:

"ನಿಮ್ಮ ವನ್ಸ ಮುಂಜಾನಿ ಕಂಡ್ರು ನೋಡ್ರಿ. ಇಲ್ಲೇ ನಮ್ಮೂರ ಸ್ಟೇಶನ್ ಹಂತ್ಯಾಕ ಲಾಡ್ಜ್ ಐತಲ್ಲ, ಅದರ ಬಾಲ್ಕನ್ಯಾಗ ಕುಂತು ಚಹಾ ಕುಡಿಯಾಕತ್ತಿದ್ರು. ಕೈ ಮಾಡಿದೆ. ನಾ ಅಂತ ಗುರ್ತು ಹತ್ತಲಿಲ್ಲೋ ಏನೋ, ಸೆರಗು ಎಳಕೊಂಡು ಗ್ವಾಡಿ ಕಡೆ ಹೊಳ್ಳಿ ಕುಂತ್ರು. ಪಾಪ, ಚಹಾ ಆರಿ ಹೋಗಿರಬೇಕ್ರಿ."